ಉಪವಾಸ ಹಿಡಿದ ಮೆಣಸಿನ ಸಸಿಗಳು

ಮೊನ್ನೆ ಸಖರಾಯಪಟ್ಟಣದಲ್ಲಿ ಕಡೂರು ಬಸ್ಸು ಹತ್ತಿ ಕೂತಿದ್ದೆವು, ನಾನು ಮತ್ತು ನನ್ನ ವಾರಗಿತ್ತಿ ಗಿರಿಜಮ್ಮ. ಒಬ್ಬ ಗಂಡಸು ಟೊಮೆಟೊ ಸಸಿಯ ಟ್ರೇಗಳನ್ನು ಎದೆಗೆ ಅವುಚಿಕೊಂಡು ಹತ್ತಿದ. ಕಂಡಕ್ಟರು ಲಗೇಜು ಟಿಕೆಟ್ ತಗೋ ಅಂದ. "ಜೀವ ಇರೋದನ್ನ ಲಗೇಜು ಅಂತೀರಲ್ರೀ" ಅಂದ ಈ ಗಂಡಸು. "ಜೀವ ಇದ್ರೆ ಫುಲ್ ಟಿಕೆಟ್ ತಗೋ ಹಂಗಾರೆ" ಅಂದ ಕಂಡಕ್ಟರು. ಜಗಳ ಮುಗಿಯುವ ತನಕ ಇರಲಿ ಅಂತ ಆ ಮನುಷ್ಯ ಹೇಳದೆ ಕೇಳದೆ ಒಂದು ಟ್ರೇಯನ್ನು ನನ್ನ ತೊಡೆಯ ಮೇಲಿಟ್ಟ.

ನೆನೆದ ತೆಂಗಿನ ನಾರಿನ ಪುಡಿಯ ವಾಸನೆ ಮೂಗಿಗೆ ಬಂತು. ಮಳೆಯಲ್ಲಿ ಮರೆತುಬಿಟ್ಟ ಗೋಣಿಚೀಲದ ಹಾಗಿರುತ್ತದೆ ಅದು. ಚೆನ್ನಾಗಿರುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ಗಿರಿಜಮ್ಮ ಕನ್ನಡಕ ಸರಿಮಾಡಿಕೊಂಡು ಟ್ರೇಯ ಮೇಲೆ ಬಗ್ಗಿದಳು. ಬಗ್ಗಿ ನೋಡಿ ಆ ಗಂಡಸನ್ನು ಕೇಳಿದಳು: "ಏನಪ್ಪಾ, ಇವು ಉಂಡಿರೋವಾ, ಇಲ್ಲ ಉಪವಾಸದವಾ?"

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ಟ್ರೇ ವಾಪಸ್ ತಗೊಂಡ. ಅವನಿಗೆ ನಮ್ಮ ಮನೆಯ ಆ ಒಂದು ಮುಂಗಾರಿನ ಕತೆ ಗೊತ್ತಿಲ್ಲ. ಗೊತ್ತಿದ್ದರೆ ಮರ್ಯಾದೆಯಿಂದ ಉತ್ತರ ಹೇಳುತ್ತಿದ್ದ.

ನಮ್ಮೂರು ಹಿರೇನಲ್ಲೂರಿನ ಪಕ್ಕ. ಮಳೆ ನಂಬಿದ ಭೂಮಿ. ಎಮ್ಮೆದೊಡ್ಡಿ ಕಾವಲಿನ ಕಡೆಯಿಂದ ಗಾಳಿ ಎದ್ದರೆ ತಲೆಯ ಮೇಲೆ ಸೆರಗು ನಿಲ್ಲುವುದಿಲ್ಲ. ಅಂಥ ಕಡೆ ಮನೆಯ ಹಿತ್ತಲಲ್ಲಿ ಕಲ್ಲುಕಂಬ ನೆಟ್ಟು, ಹಸಿರು ಬಲೆ ಹೊದಿಸಿ, ಅದರಡಿ ಸಸಿ ಬೆಳೆಸಿ ಮಾರುತ್ತೇನೆ. ಮೆಣಸು, ಟೊಮೆಟೊ, ಬದನೆ. ಗಂಡ ಹೋದ ಮೇಲೆ ಹಿಡಿದ ಕೆಲಸ ಅಂತ ಜನ ಹೇಳುತ್ತಾರೆ. ಸುಳ್ಳು. ಅವರಿದ್ದಾಗಲೇ ಹಿಡಿದಿದ್ದೆ. ಅವರಿಗೆ ಅದು ಗೊತ್ತಾಗಲು ಸ್ವಲ್ಪ ತಡವಾಯಿತು, ಅಷ್ಟೆ.

ಗಿರಿಜಮ್ಮ ನನ್ನ ಮೈದುನನ ಹೆಂಡತಿ. ನಮ್ಮಿಬ್ಬರ ಮನೆಗೂ ಗೋಡೆ ಒಂದೇ, ಬಾಗಿಲು ಬೇರೆ. ಮಠದಲ್ಲಿ ದಾಸೋಹ ಅಂದರೆ ಬಡಿಸಲು ಅವಳೇ ಮುಂದು. ಸಾಲಿನ ಮೊದಲನೆಯವನ ಎಲೆಗೆ ಬಿದ್ದಷ್ಟೇ ಪಾಯಸ ಕೊನೆಯವನ ಎಲೆಗೂ ಬೀಳಬೇಕು. ಒಮ್ಮೆ ಅವಳ ಸ್ವಂತ ಅಳಿಯ ಇನ್ನೊಂದು ಹಪ್ಪಳ ಹಾಕಿ ಅತ್ತೆ ಅಂದಿದ್ದಕ್ಕೆ, ಒಳಗೆ ಹೋಗಿ ಪಂಕ್ತಿಗೆಲ್ಲ ಆಗುವಷ್ಟು ಹಪ್ಪಳ ಕರಿದು ತರುವ ತನಕ ಅವನನ್ನು ಎಂಜಲು ಕೈ ಒಣಗುವ ಹಾಗೆ ಕೂರಿಸಿದ್ದಳು. "ಪಂಕ್ತಿಭೇದ ಮಾಡಿದ ಕೈಗೆ ಹುಳ ಬೀಳ್ತವೆ" ಅನ್ನುವುದು ಅವಳ ಮಾತು. ಮಾತಲ್ಲ, ಸಂವಿಧಾನ.

ಆ ವರ್ಷ ಭರಣಿ ಮಳೆ ನಾಲ್ಕು ಹನಿ ಹಾಕಿ ಹೋದ ಮೇಲೆ ನನ್ನ ಮಗಳ ಮಗಳು ರಶ್ಮಿ ತರೀಕೆರೆಯಿಂದ ಬಂದಳು. ಅವಳದು ಕೃಷಿಯಲ್ಲಿ ದೊಡ್ಡ ಓದು. ಮುಗಿದರೆ ಡಾಕ್ಟರು ಅಂತಾರೆ, ಆದರೆ ಜ್ವರಕ್ಕೆ ಮಾತ್ರೆ ಕೇಳಿದರೆ ಕೊಡಲು ಬರುವುದಿಲ್ಲ. ಬ್ಯಾಗಿನಿಂದ ಒಂದು ಬಾಟಲಿ ತೆಗೆದು, ಮಗುವನ್ನು ಮಲಗಿಸುವ ಹಾಗೆ ದಿಂಬಿನ ಮೇಲಿಟ್ಟಳು. ಒಳಗೆ ನೀರುಮಜ್ಜಿಗೆಯಂಥ ಬಿಳಿ.

"ಇದೇನೇ?"

"ನ್ಯಾನೋ ಅಜ್ಜಿ. ನ್ಯಾನೋ ಜಿಂಕು."

"ನ್ಯಾನೋ ಅಂದ್ರೆ?"

"ಭಾಳ ಸಣ್ಣದು. ನಿನ್ನ ಒಂದು ಕೂದ್ಲನ್ನ ಉದ್ದಕ್ಕೆ ಸಾವಿರ ಸೀಳು ಮಾಡಿದ್ರೆ, ಒಂದು ಸೀಳು ಎಷ್ಟು ದಪ್ಪ ಇರುತ್ತೋ ಅಷ್ಟು."

"ನನ್ನ ತಲೇಲಿ ಉಳಿದಿರೋದೇ ನಾಕು ಕೂದ್ಲು. ಅದ್ನೂ ಸೀಳಕ್ಕೆ ಬಂದ್ಯಾ?"

ಅವಳು ನಗಲಿಲ್ಲ. ಓದಿದವರಿಗೆ ಅವರ ವಿಷಯದಲ್ಲಿ ನಗು ಬರುವುದಿಲ್ಲ. ದಪ್ಪ ಪುಡಿಯಾದರೆ ಎಲೆಯ ಮೇಲೆಯೇ ಕೂತಿರುತ್ತದಂತೆ, ಇದು ಸಂದಿಗೊಂದಿಯಲ್ಲಿ ನುಸುಳಿ ಒಳಗೆ ಹೋಗುತ್ತದಂತೆ. ಸ್ವಲ್ಪವೇ ಸಾಕಂತೆ, ಹೆಚ್ಚಾದರೆ ಉಪ್ಪು ಜಾಸ್ತಿಯಾದ ಹಾಗೆ ಎಲೆ ಸುಡುತ್ತದಂತೆ. "ಸಸಿ ಬೇರು ಚೆನ್ನಾಗಿ ಬಿಡುತ್ತೆ, ಗಟ್ಟಿಯಾಗಿ ಏಳುತ್ತೆ, ಬುಡ ಕೊಳೆಯೋದು ಕಮ್ಮಿ ಆಗುತ್ತೆ ಅಂತ ನಮ್ಮ ಅಂದಾಜು" ಅಂದಳು.

"ಅಂದಾಜಾ? ಗೊತ್ತಿಲ್ವಾ ನಿಂಗೆ?"

"ಗೊತ್ತಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ ಅಜ್ಜಿ? ನೋಡೋಕೇ ಬಂದಿರೋದು."

ಆ ಮಾತು ನನಗೆ ಹಿಡಿಸಿತು. ಗೊಬ್ಬರದಂಗಡಿಯವರು ಯಾರೂ ಇಷ್ಟು ನಿಜ ಹೇಳಿದ್ದನ್ನು ನಾನು ಕಂಡಿಲ್ಲ. ಬಲೆಯಡಿಯ ಜಾಗದಲ್ಲಿ ಅರ್ಧ ಬಿಟ್ಟುಕೊಟ್ಟೆ.

ಅವಳಿಗೆ ಆತುರವಿತ್ತು. ಅವಳಿಗೆ ದಾರಿ ತೋರಿಸುವ ಮೇಷ್ಟ್ರು ಆ ವರ್ಷದ ಕೊನೆಗೆ ರಿಟೈರಾಗುವವರು. ಅಷ್ಟರಲ್ಲಿ ಈ ಪ್ರಯೋಗ ಮುಗಿಯಬೇಕು. ಮುಗಿಯದಿದ್ದರೆ ಇನ್ನೊಬ್ಬ ಮೇಷ್ಟ್ರನ್ನು ಹುಡುಕಿ, ಅವರಿಗೆ ಇಷ್ಟವಾದ ಇನ್ನೊಂದು ವಿಷಯ ಹಿಡಿದು, ಮೊದಲಿನಿಂದ ಶುರು. ಕಾಲೇಜಿನಲ್ಲಿ ಹಿಂದಿನ ವರ್ಷ ಹಾಕಿದ್ದ ಸಸಿಯನ್ನು ಕೋತಿಗಳು ಬಂದು ಕಿತ್ತು ಹಾಕಿದ್ದವಂತೆ. "ಇದು ಹೋದ್ರೆ ನನ್ನ ಅಷ್ಟೂ ವರ್ಷ ಹೋಯ್ತು ಅಜ್ಜಿ" ಅಂದಳು. ನಮ್ಮೂರಲ್ಲಿ ಕೋತಿ ಕಾಟ ಇಲ್ಲ, ಹೆದರಬೇಡ ಅಂದೆ. ಕಾಟ ಅಂದರೆ ಕೋತಿಯದ್ದೇ ಆಗಬೇಕೆಂದಿಲ್ಲ ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಕೃತ್ತಿಕೆ ಮಳೆಗೆ ಮೆಣಸಿನ ಬೀಜ ಹಾಕಿದೆವು. ಎರಡೆಲೆ ಬಂದ ಮೇಲೆ ರಶ್ಮಿ ಟ್ರೇಗಳಿಗೆ ದಾರ ಕಟ್ಟಿದಳು. ಕೆಂಪು ದಾರ ಕಟ್ಟಿದವಕ್ಕೆ ಔಷಧಿ. ಬಿಳಿ ದಾರದವಕ್ಕೆ ಬರೀ ನೀರು. ಕೆಂಪೆಲ್ಲ ಒಂದು ಕಡೆ, ಬಿಳಿಯೆಲ್ಲ ಒಂದು ಕಡೆ ಇಡುತ್ತಾಳೆ ಅಂದುಕೊಂಡಿದ್ದೆ. ಇಲ್ಲ, ಚೀಟಿ ಎತ್ತಿ ಚೀಟಿಯಲ್ಲಿ ಬಂದ ಹಾಗೆ ಒಂದೇ ಸಾಲಿನಲ್ಲಿ ಬೆರೆಸಿ ಕೂರಿಸಿದಳು. ಬಿಸಿಲು, ಗಾಳಿ ಎಲ್ಲಕ್ಕೂ ಒಂದೇ ಸಮ ಸಿಗಬೇಕಂತೆ. ಆಮೇಲೆ ಸಣ್ಣ ಪಿಚಕಾರಿ ಬಾಟಲಿ ಹಿಡಿದು ಕೆಂಪಿಗೆ ಚಿಮುಕಿಸಿದಳು, ಬಿಳಿಗೆ ಬಂದಾಗ ಬಾಟಲಿ ಬದಲಿಸಿ ನೀರು ಚಿಮುಕಿಸಿದಳು.

ಗಿರಿಜಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು.

"ಅದ್ಯಾಕೆ ಈ ಟ್ರೇಗೆ ನೀರು?"

"ಹೋಲಿಸಿ ನೋಡೋಕೆ ಚಿಕ್ಕಜ್ಜಿ. ಔಷಧಿ ಹಾಕಿದ್ದು ಹೆಂಗೆ ಬೆಳೆಯುತ್ತೆ, ಹಾಕದ್ದು ಹೆಂಗೆ ಬೆಳೆಯುತ್ತೆ ಅಂತ."

"ಪಕ್ಕದಲ್ಲಿ ಕೂತವನ ಎಲೆಗೆ ಹಾಲು, ಇವನ ಎಲೆಗೆ ನೀರು. ಇದನ್ನ ಕಲಿಯಕ್ಕೆ ಅಷ್ಟು ದೂರ ಹೋಗಿದ್ಯಾ?"

"ಅಯ್ಯೋ, ಗಿಡ ಚಿಕ್ಕಜ್ಜಿ ಅವು."

"ಹೂಂ ಕಣವ್ವ. ಬಾಯಿದ್ದಿದ್ರೆ ಅವೇ ಕೇಳ್ತಿದ್ವು" ಅಂದು ಗಿರಿಜಮ್ಮ ಒಳಗೆ ಹೋದಳು. ಮುಗಿಯಿತು ಅಂದುಕೊಂಡೆವು.

ರಶ್ಮಿ ವಾರಕ್ಕೊಂದು ಸಲ ತರೀಕೆರೆಯಿಂದ ಬಂದು ಚಿಮುಕಿಸಿ ಸಂಜೆ ಬಸ್ಸಿಗೆ ಹೋಗುವಳು. ಬಾಟಲಿ ನಮ್ಮ ಅಡುಗೆಮನೆಯ ಗೂಡಿನಲ್ಲಿರುತ್ತಿತ್ತು. ರೋಹಿಣಿ ಮಳೆ ಒಂದು ದಿನ ಬಂದು ಎರಡು ದಿನ ರಜೆ ಹಾಕುತ್ತಿತ್ತು. ಬೆಳಿಗ್ಗೆ ನೀರು ಬಿಡುವುದು, ಮಧ್ಯಾಹ್ನ ಗಾಳಿಗೆ ಎದ್ದ ಬಲೆಯನ್ನು ಮತ್ತೆ ಕಟ್ಟುವುದು, ಸಂಜೆ ಬಸವನಹುಳು ಆರಿಸುವುದು, ಇದು ನನ್ನ ಕೆಲಸ. ಸಸಿ ಚೆನ್ನಾಗಿಯೇ ಎದ್ದವು. ಎಷ್ಟು ಚೆನ್ನಾಗಿ ಅಂದರೆ, ಕೆಂಪು ಯಾವುದು ಬಿಳಿ ಯಾವುದು ಅಂತ ದಾರ ನೋಡಿಯೇ ಹೇಳಬೇಕು.

ಒಂದು ವಾರ ರಶ್ಮಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. "ಅಜ್ಜಿ, ಇದು ಇಷ್ಟು ಬೇಗ ಕಮ್ಮಿ ಆಗ್ಬಾರದು. ಯಾರೋ ತಗೊಂಡಿದಾರೆ."

ನನಗೆ ತಕ್ಷಣ ಓಂಕಾರಪ್ಪನ ಮೇಲೆ ಅನುಮಾನ ಬಂತು. ಪಕ್ಕದ ಹೊಲದವನು, ಪ್ರತಿ ವರ್ಷ ನನ್ನ ಹತ್ತಿರವೇ ಮೆಣಸಿನ ಸಸಿ ತಗೊಳ್ಳುವವನು. ಬಾಟಲಿ ಬಂದ ದಿನದಿಂದ "ಅಕ್ಕಾ, ಒಂದು ಮುಚ್ಚಳ ಕೊಡಕ್ಕಾ, ನನ್ನ ಅಡಿಕೆ ಸಸಿಗೆ ನೋಡ್ತೀನಿ" ಅಂತ ಜೀವ ತಿಂದಿದ್ದ. ಅವನನ್ನು ಹಾಲಿನ ಡೇರಿಯ ಮುಂದೆ ಹಿಡಿದೆ. ಕ್ಯಾನು ಹಿಡಿದವರೆಲ್ಲ ಸುತ್ತ ಇದ್ದರು.

"ಓಂಕಾರಿ, ಬಾಟ್ಲಿ ಮುಟ್ಟಿದ್ಯಾ ನೀನು?"

"ಯಾವ ಬಾಟ್ಲಿ?" ಅಂದ ಅವನು. ಸುತ್ತ ಇದ್ದವರು ಕಿವಿ ನೆಟ್ಟಗೆ ಮಾಡಿದರು. ಬಾಟಲಿ ಅಂದರೆ ನಮ್ಮೂರಲ್ಲಿ ಜನಕ್ಕೆ ಮೊದಲು ನೆನಪಾಗುವುದು ಜಿಂಕಲ್ಲ.

"ಅದೇ, ನಮ್ಮ ಗೂಡಲ್ಲಿರೋದು. ಬಿಳೀದು."

"ಅಕ್ಕಾ, ಮೂರು ವರ್ಷ ಆಯ್ತು ನಾನು ಬಿಟ್ಟು! ಹೆಂಡ್ರ ಮುಂದೆ ಹಿಂಗೆಲ್ಲ ಹೇಳ್ಬೇಡ!" ಅಂತ ಅವನು ಕೂಗಿದ. ಅವನ ಹೆಂಡತಿ ಕ್ಯಾನು ಕೆಳಗಿಟ್ಟಳು. ಆಮೇಲೆ ಅವರಿಬ್ಬರ ಮಧ್ಯೆ ಏನಾಯಿತೋ ಆಯಿತು. ನಾನು ಹಾಲು ಹಾಕಿ ಬಂದೆ. ಇನ್ನು ನಿನ್ನ ಸಸಿ ಮುಟ್ಟಲ್ಲ ಅಂತ ಮಾರನೆಯ ದಿನ ಹೇಳಿ ಕಳಿಸಿದ.

ಗಿರಿಜಮ್ಮ ಇದನ್ನೆಲ್ಲ ಕೇಳಿ, "ಪಾಪ ಓಂಕಾರಿ, ಅವನಲ್ಲ ಬಿಡಕ್ಕಾ" ಅಂದಳು. ಅವಳು ಯಾವಾಗಲೂ ಎಲ್ಲರ ಪರ. ನಾನು ಗಮನ ಕೊಡಲಿಲ್ಲ.

ಮೃಗಶಿರಾ ಮಳೆಯಲ್ಲಿ ಅಳತೆ. ರಶ್ಮಿ ಜಗಲಿಯ ಮೇಲೆ ಪೇಪರು ಹಾಸಿ, ಸಸಿ ಕಿತ್ತು, ಬೇರು ತೊಳೆದು, ಸ್ಕೇಲ್ ಹಿಡಿದು ಕೂತಳು. ಕೆಂಪಿನದೊಂದು, ಬಿಳಿಯದೊಂದು. ಹೊತ್ತೇರುತ್ತಾ ಅವಳ ಮುಖ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಸ್ಕೇಲ್ ಬಿಸಾಕಿದಳು.

"ಎಲ್ಲ ಒಂದೇ ಅಜ್ಜಿ. ಬೇರೂ ಒಂದೇ, ಎತ್ತರನೂ ಒಂದೇ. ಔಷಧಿ ಏನೂ ಕೆಲ್ಸ ಮಾಡಿಲ್ಲ."

"ಎಲ್ಲ ಚೆನ್ನಾಗೇ ಅವಲ್ಲೇ?"

"ಎಲ್ಲ ಚೆನ್ನಾಗಿರ್ಬಾರದಿತ್ತು!" ಅಂತ ಅತ್ತಳು.

ಸಸಿ ಚೆನ್ನಾಗಿದೆ ಅಂತ ಅತ್ತವರನ್ನು ನಾನು ನೋಡಿದ್ದು ಅದೇ ಮೊದಲು. ಅಳುವವರ ಬೆನ್ನು ಸವರುತ್ತಾ ಕೂರುವುದು ನನಗೆ ಬರುವುದಿಲ್ಲ. ಕಾಫಿ ಮಾಡಿ ಪಕ್ಕದಲ್ಲಿಟ್ಟೆ. ಗಿರಿಜಮ್ಮ ಬೆನ್ನು ಸವರಿದಳು. "ಎಲ್ಲ ಒಂದೇ ಸಮ ಬಂದವೆ ಅಂತ ಅಳ್ತಾರೇನೇ ಹುಚ್ಚಿ? ಸಂತೋಷ ಪಡು" ಅಂದಳು.

ನಾಳೆ ಮೇಷ್ಟ್ರು ಬರುತ್ತಾರೆ, ಏನು ಹೇಳಲಿ ಅಂತ ರಶ್ಮಿಗೆ ದಿಗಿಲು. ಮೇಷ್ಟ್ರು ಬಂದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಬಲೆಯಡಿ ಬಗ್ಗಿ ಬಗ್ಗಿ ನೋಡಿ, ಅಳತೆಯನ್ನೂ ನೋಡಿ, "ಆಗ್ಲಮ್ಮ, ಕೆಲ್ಸ ಮಾಡಲ್ಲ ಅನ್ನೋದೂ ಒಂದು ಉತ್ತರವೇ" ಅಂದರು. ಆದರೆ ಆ ಉತ್ತರದಿಂದ ಅವರಿಗೂ ಊಟ ರುಚಿಸುವ ಹಾಗೆ ಕಾಣಲಿಲ್ಲ. ಕಾಲೇಜಿನ ಕೋಣೆಯೊಳಗೆ ಮಾಡಿದಾಗೆಲ್ಲ ವ್ಯತ್ಯಾಸ ಕಂಡಿತ್ತಂತೆ. ಇಲ್ಲಿ ಯಾಕೆ ಕಾಣಲಿಲ್ಲ ಅಂತ ಅವರಿಗೆ ಬಗೆಹರಿಯಲಿಲ್ಲ.

ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿದೆವು. ಮೇಷ್ಟ್ರು, ಅವರ ಜೀಪಿನ ಡ್ರೈವರು, ರಶ್ಮಿ. ಗಿರಿಜಮ್ಮ ಹೋಳಿಗೆ ತಂದಳು.

"ನಂಗೆ ಅರ್ಧ ಸಾಕಮ್ಮ, ಶುಗರ್ ಇದೆ" ಅಂದರು ಮೇಷ್ಟ್ರು. "ನನ್ನ ಪಾಲೂ ಡ್ರೈವರಿಗೇ ಹಾಕಿ."

"ಅದೆಲ್ಲ ಆಗಲ್ಲ ಮೇಷ್ಟ್ರೇ. ಪಂಕ್ತೀಲಿ ಕೂತ ಮೇಲೆ ಎಲ್ರಿಗೂ ಒಂದೇ. ಬಾಯಿಲ್ಲದ ಆ ಸಸಿಗಳಿಗೇ ಭೇದ ಮಾಡ್ಲಿಲ್ಲ ನಾನು, ಬಾಯಿರೋ ನಿಮಗೆ ಮಾಡ್ತೀನಾ?"

ಮೇಷ್ಟ್ರ ಕೈ ಎಲೆಗೂ ಬಾಯಿಗೂ ಮಧ್ಯೆ ನಿಂತಿತು. "ಯಾವ ಸಸಿ?"

"ಅದೇ, ಬಿಳೀ ದಾರದವು. ಈ ಹುಡುಗಿ ಅವಕ್ಕೆ ನೀರು ತೋರ್ಸಿ ಬಸ್ ಹತ್ತೋಳು. ಇವಳು ಅತ್ಲಾಗೆ ಹೋದ್ಲು ಅಂದ್ರೆ ನಾನು ಇತ್ಲಾಗಿಂದ ಒಂದು ಸುತ್ತು ಬಡಿಸ್ಕಂಡು ಬರ್ತಿದ್ದೆ. ಇವಳು ಬೆರೆಸೋದ ನೋಡ್ಕಂಡಿದ್ದೆ. ಅಷ್ಟೇ ನೀರು, ಅಷ್ಟೇ ಔಷಧಿ. ಅಳತೆ ತಪ್ಪಿಸಿಲ್ಲ." ಹೇಳುತ್ತಾ ಹೇಳುತ್ತಾ ಮೇಷ್ಟ್ರ ಎಲೆಗೆ ಇಡೀ ಹೋಳಿಗೆ ಬಿತ್ತು, ಮೇಲೆ ತುಪ್ಪ.

ಡ್ರೈವರು ಮಾತ್ರ ತಿನ್ನುತ್ತಿದ್ದ. ಆಮೇಲೆ ಮೇಷ್ಟ್ರಿಗೆ ಒಳಗಿನಿಂದ ಏನೋ ಕಿತ್ತುಕೊಂಡು ಬಂದ ಹಾಗೆ ನಗು ಬಂತು. ನೆತ್ತಿಗೇರಿ ಕೆಮ್ಮಿದರು. ನಾನು ನೀರು ಕೊಟ್ಟೆ. ರಶ್ಮಿ ಎಂಜಲು ಕೈಯಲ್ಲಿಯೇ ತಲೆ ಹಿಡಿದುಕೊಂಡಳು.

"ಹಂಗಾದ್ರೆ ಔಷಧಿ ಸೋತಿಲ್ಲ ಸಾರ್!" ಅಂದಳು.

"ಗೆದ್ದಿದೆಯೋ ಇಲ್ವೋ, ಅದೂ ಗೊತ್ತಿಲ್ಲ" ಅಂದರು ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಾ. "ಆರಿದ್ರಾ ಮಳೆಗೆ ಇನ್ನೊಂದು ಸಲ ಬೀಜ ಹಾಕು. ಇದೇ ಕೊನೇದು. ನಾನು ಹೊರಡೋ ಒಳಗೆ ಇದೊಂದಕ್ಕೆ ಟೈಮಿದೆ."

ಓಂಕಾರಪ್ಪನ ವಿಷಯಕ್ಕೆ ಬಂದರೆ, ಅವನನ್ನು ಕರೆದು ತಪ್ಪಾಯಿತು ಅಂತ ನಾನೇನೂ ಹೇಳಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟೆ, ಜೊತೆಗೆ ಕೊತ್ತಂಬರಿ ಹಾಕಿದ್ದೆ. ಅವನು ಕುಡಿದು, ಸಸಿ ಟ್ರೇ ಎತ್ತಿಕೊಂಡು ಹೋದ. ನಮ್ಮ ಕಡೆ ಇದಕ್ಕೆಲ್ಲ ಮಾತು ಬೇಕಾಗುವುದಿಲ್ಲ.

ಈಗ ತೊಂದರೆ ಇದ್ದದ್ದು ಗಿರಿಜಮ್ಮನದ್ದು. ರಶ್ಮಿ ಅವಳ ಮುಂದೆ ಕೂತು ತಿಳಿಸಿ ಹೇಳಿದಳು. ಬೈದಳು, ಕೈ ಮುಗಿದಳು. ಗಿರಿಜಮ್ಮನದು ಒಂದೇ ಮಾತು.

"ಬೇಡ ಅಂದ್ರೆ ಬಲೆ ಕಡೆ ತಲೆ ಹಾಕಲ್ಲ. ಆದ್ರೆ ಹಾಕಿದ್ರೆ ಸುಮ್ನಿರಕ್ಕಾಗಲ್ಲ."

ತಲೆ ಹಾಕದೆ ಇರುವುದು ಆಗದ ಮಾತು. ಅವಳ ಬಚ್ಚಲಿಗೆ ದಾರಿ ಇರುವುದೇ ಬಲೆಯ ಪಕ್ಕದಲ್ಲಿ.

"ಬಿಳಿಯವನ್ನ ಬೇರೆ ಸಾಲು ಮಾಡಿ ದೂರ ಇಟ್ಬಿಡು. ಬೇರೆ ಪಂಕ್ತಿ ಆದ್ರೆ ನಂದೇನೂ ತಕರಾರಿಲ್ಲ" ಅಂದಳು ಗಿರಿಜಮ್ಮ.

"ಹಂಗೆ ಮಾಡಿದ್ರೆ ಒಂದಕ್ಕೆ ಬಿಸಿಲು ಜಾಸ್ತಿ, ಒಂದಕ್ಕೆ ಕಮ್ಮಿ ಆಗುತ್ತೆ ಚಿಕ್ಕಜ್ಜಿ. ಬೆಳೆದಿದ್ದು ಔಷಧಿಗೋ ಬಿಸಿಲಿಗೋ ಗೊತ್ತಾಗಲ್ಲ. ಬೆರೆಸಿಯೇ ಕೂರಿಸ್ಬೇಕು."

"ನೋಡ್ದ್ಯಾ ಅಕ್ಕಾ? ಒಂದೇ ಸಾಲಲ್ಲಿ ಕೂರಿಸ್ಬೇಕು, ಅದರಲ್ಲಿ ಅರ್ಧ ಜನನ್ನ ಉಪವಾಸ ಕೆಡವಬೇಕು. ಯಾವ ಮಠದಲ್ಲಿದೆ ಈ ನ್ಯಾಯ?"

ಆ ಮಾತು ಕಿವಿಗೆ ಬಿದ್ದದ್ದೇ ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದೆ.

"ಕೆಡವಿದ್ದಲ್ಲ ಕಣೇ ಗಿರಿಜಾ. ಅವು ಉಪವಾಸ ಹಿಡಿದಿರೋದು."

"ಏನಂದೆ?"

"ಉಪವಾಸ. ಬಿಳಿ ದಾರದವು ವ್ರತ ಹಿಡಿದವೆ. ಶಿವರಾತ್ರಿ ದಿನ ಪಂಕ್ತೀಲಿ ಉಪವಾಸದವರು ಕೂತ್ರೆ ಅವರ ಎಲೆಗೆ ಅನ್ನ ಹಾಕ್ತೀಯಾ ನೀನು?"

ಗಿರಿಜಮ್ಮ ಸೆಟೆದು ಕೂತಳು. "ಹಾಕಕ್ಕುಂಟಾ? ಉಪವಾಸ ಕೆಡಿಸಿದ್ರೆ ಏಳು ಜನ್ಮದ ಪಾಪ." ಅವಳು ದಡ್ಡಿಯಲ್ಲ. "ಆದ್ರೆ ಸಂಕಲ್ಪ ಮಾಡಿದ್ಯಾರು? ಬೀಜ ಬಾಯಿ ಬಿಟ್ಟು ಹೇಳ್ತಾ?"

"ಮಕ್ಳ ಪರವಾಗಿ ತಾಯಿ ಹರಕೆ ಹೊರಲ್ವಾ? ಇವಳು ಹೊರ್ತಾಳೆ" ಅಂತ ರಶ್ಮಿಯನ್ನು ತೋರಿಸಿದೆ.

ಡಾಕ್ಟರಾಗಲು ಹೊರಟ ಹುಡುಗಿ ಆರಿದ್ರಾ ಮಳೆಯ ಸೋಮವಾರ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಬಲೆಯಡಿಯಲ್ಲಿ ಅಂಗೈಯಲ್ಲಿ ನೀರು ಹಿಡಿದು ನಿಂತಳು. ಟ್ರೇ ನೋಡಲು ಬಂದಿದ್ದ ಮೇಷ್ಟ್ರ ಕೈಗೆ ಗಿರಿಜಮ್ಮ ಚೊಂಬು ಕೊಟ್ಟಳು. ಅವರು ಹಿಡಿದುಕೊಂಡರು. ಏನು ಮಾಡುತ್ತಾರೆ?

"ಈ ಬಿಳೀ ದಾರದ ಮೆಣಸಿನ ಸಸಿಗಳು ಅಳತೆ ಆಗೋ ತನಕ ನೀರು ಬಿಟ್ಟು ಬೇರೇನೂ ಮುಟ್ಟಲ್ಲ" ಅಂತ ಗಿರಿಜಮ್ಮ ಹೇಳಿಕೊಟ್ಟಳು. ರಶ್ಮಿ ಹೇಳಿದಳು. ಗಿರಿಜಮ್ಮ ಟ್ರೇಗಳಿಗೆ ವಿಭೂತಿ ಹಚ್ಚಲು ಹೋದಾಗ ಮಾತ್ರ ರಶ್ಮಿ ಕೂಗಿಕೊಂಡಳು: "ಚಿಕ್ಕಜ್ಜಿ, ಬೂದಿನೂ ಗೊಬ್ಬರವೇ! ಅಂಚಿಗೆ ಹಚ್ಚು, ಮಣ್ಣಿಗೆ ಬೀಳ್ಬಾರದು!" ಅಂಚಿಗೆ ಮೂರು ಪಟ್ಟೆ ಬಿತ್ತು.

ಅಲ್ಲಿಂದ ಮುಂದೆ ಬಲೆಯೊಳಗೆ ನನಗೇ ಸ್ವತಂತ್ರ ಇಲ್ಲದಂತಾಯಿತು. ನಾನು ಟೊಮೆಟೊ ಸಸಿಗೆ ಗೊಬ್ಬರದ ನೀರು ಹಾಕಿ ಅದೇ ಕೈಯಲ್ಲಿ ಬಿಳಿ ದಾರದ ಟ್ರೇ ಸರಿಸಲು ಹೋದರೆ, "ಅಕ್ಕಾ, ಕೈ ತೊಳ್ಕೊ!" ಅಂತ ಬಚ್ಚಲಿನಿಂದ ಕೂಗು. ಮೇಷ್ಟ್ರು ಬಂದರೆ ಅವರಿಗೂ ಸೋಪು. ಗಾಳಿಯ ಕಾಲ ಬೇರೆ. ರಶ್ಮಿ ಕೆಂಪು ದಾರದವಕ್ಕೆ ಚಿಮುಕಿಸುವಾಗ ಗಿರಿಜಮ್ಮ ಒಂದು ಕೈಯಲ್ಲಿ ಮೊರ, ಇನ್ನೊಂದರಲ್ಲಿ ಹಳೇ ಜರಡಿ ಹಿಡಿದು, ಪಕ್ಕದ ಬಿಳಿ ಟ್ರೇಗೆ ಅಡ್ಡ ನಿಲ್ಲುವಳು. ಜರಡಿಯಲ್ಲಿ ತೂತಿದೆಯಲ್ಲ ಅಂತ ಅವಳಿಗೇ ಹೊಳೆದು, ಮಾರನೆಯ ವಾರ ಎರಡೂ ಕೈಯಲ್ಲಿ ಮೊರ. ರಶ್ಮಿ ಮೊಬೈಲಿನಲ್ಲಿ ಪಟ ತೆಗೆದಳು. "ನಮ್ಮ ಕಾಲೇಜಲ್ಲೂ ಇಷ್ಟು ಕಟ್ಟುನಿಟ್ಟಿಲ್ಲ" ಅಂದರು ಮೇಷ್ಟ್ರು.

ಓಂಕಾರಪ್ಪ ಒಂದು ದಿನ ಇಣುಕಿ, "ಬಿಳಿಯವು ಸ್ವಲ್ಪ ಸೊರಗಿದಂಗೆ ಕಾಣ್ತವಲ್ಲ ಅತ್ತಿಗೆ" ಅಂದ.

"ಉಪವಾಸದಲ್ಲಿ ಮುಖ ಅರಳ್ತದೇನೋ? ಅತ್ಲಾಗೋಗು, ದೃಷ್ಟಿ ಹಾಕ್ಬೇಡ" ಅಂತ ಗಿರಿಜಮ್ಮ ಅಟ್ಟಿದಳು.

ಪುಷ್ಯ ಮಳೆ ಹಿಡಿದಾಗ ಎರಡನೆ ಅಳತೆ. ಅದೇ ಜಗಲಿ, ಅದೇ ಸ್ಕೇಲ್. ರಶ್ಮಿ ಕೀಳುತ್ತಿದ್ದಳು, ತೊಳೆಯುತ್ತಿದ್ದಳು. ನಾನು ಕಾಫಿಗೆ ಹಾಲು ಇಟ್ಟಿದ್ದೆ, ಬೇಕಾಗಬಹುದು ಅಂತ. ಬೇಕಾಗಲಿಲ್ಲ. ಸ್ಕೇಲ್ ಇಲ್ಲದೆ ನನಗೇ ಕಾಣುತ್ತಿತ್ತು. ಕೆಂಪು ದಾರದ್ದರ ಬೇರು ಸ್ವಾಮಿಗಳ ಗಡ್ಡದ ಹಾಗೆ ದಟ್ಟ. ಬಿಳಿ ದಾರದ್ದು ಹೈಸ್ಕೂಲು ಹುಡುಗನ ಮೀಸೆ. ಇದೆ, ಆದರೆ ಹುಡುಕಬೇಕು. ಬುಡ ಕೊಳೆತು ಬಿದ್ದವೂ ಬಿಳಿಯಲ್ಲೇ ಹೆಚ್ಚು. ಆಕಾಶಕ್ಕೂ ಭೂಮಿಗೂ ಇದ್ದಷ್ಟು ವ್ಯತ್ಯಾಸ ಅಂತ ನಾನು ಹೇಳುವುದಿಲ್ಲ, ಸಸಿ ಮಾರುವವಳು ನಾನು, ಬಾಟಲಿ ಮಾರುವವಳಲ್ಲ. ಆದರೆ ಇತ್ತು.

ರಶ್ಮಿ ಈ ಸಲವೂ ಅತ್ತಳು. ಆ ಹುಡುಗಿಗೆ ಎರಡಕ್ಕೂ ಒಂದೇ ಸ್ವಭಾವ.

ಕಿತ್ತ ಸಸಿಗಳನ್ನು ಕವರಿಗೆ ಹಾಕುವಾಗ ಗಿರಿಜಮ್ಮ ಅಡ್ಡ ಬಂದಳು. "ಇವನ್ನೆಲ್ಲಿಗೆ?"

"ಕಾಲೇಜಿಗೆ. ಬಿಸಿ ಪೆಟ್ಟಿಗೇಲಿ ಒಣಗಿಸಿ ತೂಕ ನೋಡ್ಬೇಕು."

"ಉಪವಾಸ ಬಿಡಿಸದೆ? ಅಷ್ಟು ದಿನ ಬರೀ ನೀರಲ್ಲಿದ್ದವನ್ನ ಹಂಗೇ ಒಯ್ದು ಒಣಗಿಸ್ತೀಯಾ?"

"ಕಿತ್ತಾಯ್ತಲ್ಲ ಚಿಕ್ಕಜ್ಜಿ."

ಕಿತ್ತವುಗಳನ್ನು ಅವಳು ಕೈ ಮುಗಿದು ಕಳಿಸಿದಳು. ಟ್ರೇಯಲ್ಲಿ ಉಳಿದವಕ್ಕೆ ಮಾತ್ರ ಅವತ್ತೇ ಸಂಜೆ, ಬಾಟಲಿಯ ತಳದಲ್ಲಿದ್ದ ಔಷಧಿಯನ್ನು ಅಳತೆಯಂತೆ ಬೆರೆಸಿ, ಶಾಸ್ತ್ರವಾಗಿ ಉಪವಾಸ ಬಿಡಿಸಿದಳು. ಒಂದು ಚೂರು ಬೆಲ್ಲವನ್ನೂ ಇಡುತ್ತಿದ್ದಳು, ಇರುವೆ ಬರುತ್ತವೆ ಅಂತ ನಾನು ಬೈದೆ. ಆ ಸಸಿಗಳನ್ನು ಮಠದ ಹಿತ್ತಲಲ್ಲಿ ನೆಟ್ಟರು.

ಕೊನೆಯ ಪರೀಕ್ಷೆಗೆ ನಮ್ಮಿಬ್ಬರನ್ನೂ ರಶ್ಮಿ ಕಾಲೇಜಿಗೆ ಕರೆದುಕೊಂಡು ಹೋದಳು. ಮೇಷ್ಟ್ರು ರಿಟೈರಾಗುವ ತಿಂಗಳು ಅದು. ದೊಡ್ಡ ಕೋಣೆ, ಸಾಲು ಸಾಲು ಕುರ್ಚಿ, ಮುಂದೆ ಪರದೆ. ಹೊರಗಿನಿಂದ ಬಂದ ಪರೀಕ್ಷಕರು ಮೊದಲ ಸಾಲಿನಲ್ಲಿ. ನಾವು ಕೊನೆಯ ಸಾಲಿನಲ್ಲಿ. ಎಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನನಗೆ ಅರ್ಥವಾದದ್ದು ನ್ಯಾನೋ ಮತ್ತು ಚಿಲ್ಲಿ. ಮೊದಲ ಸಲ ಎಲ್ಲ ಒಂದೇ ಸಮ ಬಂದದ್ದನ್ನೂ ಅವಳು ಮುಚ್ಚಿಡದೆ ಹೇಳಿದಳಂತೆ.

ಆಗ ಪರದೆಯ ಮೇಲೆ ಗಿರಿಜಮ್ಮ ಬಂದಳು, ಎರಡು ಕೈಯಲ್ಲಿ ಎರಡು ಮೊರ ಹಿಡಿದು. ಪರೀಕ್ಷಕರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಕನ್ನಡಕ್ಕೆ ಇಳಿದರು.

"ಏನಮ್ಮ ಇದು? ಈ ಸಲ ಬಿಳೀ ದಾರದವಕ್ಕೆ ಔಷಧಿ ತಾಕಿಲ್ಲ ಅನ್ನೋದಕ್ಕೆ ಏನು ಖಾತ್ರಿ?"

ರಶ್ಮಿ ಹಿಂದೆ ತಿರುಗಿ ನೋಡಿದಳು. ಗಿರಿಜಮ್ಮ ಸೆರಗು ಹೊದ್ದುಕೊಂಡು ಎದ್ದು ನಿಂತಳು.

"ನಾನು ಖಾತ್ರಿ ಸ್ವಾಮಿ. ಒಂದು ಹನಿ ತಾಕ್ಸಿಲ್ಲ. ಉಪವಾಸ ಕೆಡಿಸೋ ಪಾಪಿ ಅಲ್ಲ ನಾನು."

"ಮತ್ತೆ ಮೊದಲನೇ ಸಲ?"

"ಮೊದಲ್ನೇ ಸಲ ಅವು ಉಪವಾಸ ಇರ್ಲಿಲ್ಲ. ಅದಕ್ಕೇ ಬಡಿಸ್ದೆ."

ಪರೀಕ್ಷಕರು ನಗಲಿಲ್ಲ. ಕಾಗದ ತಿರುವಿದರು, ಮತ್ತೆ ತಿರುವಿದರು. ರಶ್ಮಿಯ ಮುಖ ಸುಣ್ಣವಾಗಿತ್ತು. ಅವರು ಏನೂ ಹೇಳುವ ಮೊದಲೇ ತಿಂಡಿ ಬಂತು. ಪರೀಕ್ಷಕರ ಮುಂದೆ ತಟ್ಟೆ ತುಂಬ ಗೋಡಂಬಿ. ಎರಡನೆ ಸಾಲಿಗೆ ಮಿಕ್ಸ್ಚರ್. ಹಿಂದಿದ್ದ ನಮಗೆ ಒಂದೊಂದು ಬಿಸ್ಕತ್ತು.

ಗಿರಿಜಮ್ಮ ತನ್ನ ಬಿಸ್ಕತ್ತು ನೋಡಿದಳು. ಮುಂದಿನ ಸಾಲು ನೋಡಿದಳು. ಕುರ್ಚಿ ಸರಿಸಿ ಎದ್ದಳು.

ರಶ್ಮಿ ಓಡಿ ಬಂದು ನನ್ನ ಕಿವಿಯಲ್ಲಿ, "ಅಜ್ಜಿ, ಹಿಡ್ಕೋ ಅವಳನ್ನ! ಇನ್ನೂ ಸೈನ್ ಹಾಕಿಲ್ಲ ಅವರು!" ಅಂದಳು.

ಬಡಿಸಲು ಎದ್ದವಳನ್ನು ಹಿಡಿದ ಗಂಡಸೂ ಇಲ್ಲ, ಹೆಂಗಸೂ ಇಲ್ಲ ನಮ್ಮ ಮನೆತನದಲ್ಲಿ. ಅವಳು ನೆಟ್ಟಗೆ ಹೋಗಿ ಪರೀಕ್ಷಕರ ಮುಂದಿನ ಗೋಡಂಬಿ ತಟ್ಟೆ ಎತ್ತಿಕೊಂಡಳು. ಅವರ ಅಂಗೈಗೆ ಎರಡು ಹಾಕಿದಳು. ಪಕ್ಕದವರಿಗೆ ಎರಡು. ಮೇಷ್ಟ್ರಿಗೆ ಎರಡು, ಕಾಲೇಜು ಮಕ್ಕಳಿಗೆಲ್ಲ ಎರಡು, ಬಾಗಿಲಲ್ಲಿ ನಿಂತಿದ್ದ ಜವಾನನಿಗೆ ಎರಡು. ಕೊನೆಗೆ ನನಗೆ ಎರಡು. ನನ್ನವೆರಡರಲ್ಲಿ ಒಂದು ಮುಗ್ಗಿತ್ತು.

ಪರೀಕ್ಷಕರು ತಮ್ಮ ಅಂಗೈಯನ್ನು ನೋಡಿಕೊಂಡರು. ಹಿಂದಿನ ಸಾಲಿನ ತನಕ ತಿರುಗಿ ನೋಡಿದರು. ಎರಡನ್ನೂ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು.

"ಈ ಅಮ್ಮನ ಕೈಯಲ್ಲಿ ಅಳತೆ ತಪ್ಪಿರಲಿಕ್ಕಿಲ್ಲ" ಅಂದರು. ಆಮೇಲೆ ಪೆನ್ನು ಕೇಳಿದರು.

ಮೇಷ್ಟ್ರು ತಮ್ಮ ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಗಿರಿಜಮ್ಮ ಅದನ್ನೇ ನೋಡುತ್ತಿದ್ದಳು. ಇವಳು ಪೆನ್ನನ್ನೂ ಸಾಲಿಗೆಲ್ಲ ಹಂಚಿಯಾಳು ಅಂತ ನಾನು ಸೆರಗು ಜಗ್ಗಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ.